ದಿಲ್ಲಿಗೆ ಹೋಗದಿರಲು ಕಾರಣ

ಜಯನಗರ, ಬೆಂಗಳೂರು
ಮಾರ್ಚ್ ೧೯೬೪

ಪೂಜ್ಯ ಮೇಷ್ಟರಿಗೆ ವಾರಿಜಾಳ ನಮಸ್ಕಾರಗಳು.

ದಿಲ್ಲಿಯ ಸಂಶೋಧನಾ ಹುದ್ದೆಗೆ ನೀವು ನನ್ನ ಹೆಸರು ಸೂಚಿಸಿದ್ದು ದೊಡ್ಡ ಮಾತು. ಆದರೆ ನಾನು ಹೋಗುವುದಿಲ್ಲ. "ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಹೇಳಿಕೊಂಡೇ ಮುದುಕಿಯಾಗ್ತೀಯಾ?" ಎಂದು ಬೈದಿದ್ದೀರಿ. ಕಾರಣ ಹೇಳುತ್ತೇನೆ.

ನಮ್ಮ ಕೊನೆಯ ವರ್ಷದ ಬಿ.ಎಸ್ಸಿ.ಯಲ್ಲಿ ಕತ್ರಿಗುಪ್ಪೆಯ ಬೈರಮ್ಮ ಎಂಬ ಹುಡುಗಿಯಿದ್ದಾಳೆ. ಮೊದಲ ವರ್ಷವೆಲ್ಲ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಹೋದ ವಾರ ಅವಳ ಅಪ್ಪ ಚಿಕ್ಕಬೈರಪ್ಪನವರು, ಮದುವೆ ಗೊತ್ತಾಗಿದೆ ಎಂದು ಓದು ಬಿಡಿಸಲು ಬಂದರು. ನಾನು ವಾದ ಮಾಡಲಿಲ್ಲ. ಅವರನ್ನು ತರಗತಿಯಲ್ಲಿ ಕೂರಿಸಿ, ಅಂದಿನ ಗಣಿತದ ಪಾಠವನ್ನು ಬೈರಮ್ಮನಿಗೇ ಒಪ್ಪಿಸಿದೆ. ಬೋರ್ಡಿನ ತುಂಬ ಬರೆದು ವಿವರಿಸಿದಳು.

ಗಂಟೆ ಹೊಡೆದ ಮೇಲೆ ಚಿಕ್ಕಬೈರಪ್ಪನವರು, "ಏನೇಳಿದ್ಲೋ ನಂಗೊಂದೂ ತಿಳೀಲಿಲ್ಲ ಕಣವ್ವಾ. ಆದ್ರೆ ಅಷ್ಟೂ ಮಕ್ಳು ನನ್ ಮಗಳ ಮಾತೇ ಕೇಳ್ತಾ ಕೂತಿದ್ರು. ಮದ್ವೆ ಆಮೇಲೆ ನೋಡಾನ" ಎಂದು ಕಣ್ಣೊರೆಸಿಕೊಂಡರು.

ಮುಂದೆ ಓದಿಸಲೂ ಅವರು ಒಪ್ಪಿದ್ದಾರೆ. ಬರುವ ಜೂನ್‌ನಲ್ಲಿ ಬೈರಮ್ಮ ಮೈಸೂರಿಗೆ, ನಿಮ್ಮ ಎಂ.ಎಸ್ಸಿ. ತರಗತಿಗೆ ಬರುತ್ತಾಳೆ. ದಯವಿಟ್ಟು ಹಾಸ್ಟೆಲಿನಲ್ಲಿ ಒಂದು ಜಾಗ ಕೊಡಿಸಿ. ಅರ್ಥವಾಗುವವರೆಗೂ ಪ್ರಶ್ನೆ ಕೇಳುತ್ತಲೇ ಇರುತ್ತಾಳೆ, ಬೇಸರಿಸಬೇಡಿ. ಅದು ನಾನು ಕಲಿಸಿದ್ದು.

ನಿಮ್ಮ ಶಿಷ್ಯೆ,
ವಾರಿಜಾ
ಗಣಿತ ಉಪನ್ಯಾಸಕಿ