ದೀಪದಲ್ಲಿ ಕಾಣದ ಹಳದಿ

ರಾಯದುರ್ಗ
ಭಾವ ಸಂವತ್ಸರ, ಮಾರ್ಗಶಿರ ಬಹುಳ, ಗುರುವಾರ
(ಇಂಗ್ಲಿಷ್ ಇಸವಿ 1934)

ಮಡಕಶಿರದ ಮನೆಯಲ್ಲಿ ರೇಷ್ಮೆ ಹುಳುವಿನ ತಟ್ಟೆಗಳ ನಡುವೆ ಕೂತಿರುವ ಅವ್ವನಿಗೆ ಮಗಳು ಸಣ್ಣಕ್ಕನ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ನೀನೂ ಅಣ್ಣನೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಈ ಕಾಗದವನ್ನು ದಾರದ ವ್ಯಾಪಾರಿ ಹನುಮಂತರಾಯಪ್ಪನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಒಂದು ಸಣ್ಣ ಪೊಟ್ಟಣವಿದೆ. ಕಾಗದ ಪೂರ್ತಿ ಓದಿ ಮುಗಿಯುವವರೆಗೆ ಅದನ್ನು ಬಿಚ್ಚಬೇಡ.

ನಿನಗೆ ಓದಲು ಬಾರದು, ಓದುವವನು ಅಣ್ಣನೇ. ಅಣ್ಣಾ, ನಿನಗೂ ಒಂದು ಮಾತು. ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಓದಬೇಡ. ಒಳಗೆ ಹೋಗಿ ಅವ್ವನ ಮುಂದೆ ಕೂತು ಓದು. ನಡುನಡುವೆ ನಿನ್ನ ಒಗ್ಗರಣೆ ಸೇರಿಸಬೇಡ. ಕೊನೆಯ ಹಾಳೆಯನ್ನು ಮೊದಲು ನೋಡುವ ನಿನ್ನ ಚಾಳಿ ನನಗೆ ಚೆನ್ನಾಗಿ ಗೊತ್ತು. ಇದೊಂದು ಸಲ ಅದನ್ನು ಬಿಡು.

ಅವ್ವಾ, ಕಾರ್ತೀಕದಲ್ಲಿ ಅಣ್ಣ ಬಂದು ನೀನು ಹೇಳಿಕಳಿಸಿದ್ದನ್ನು ಒಪ್ಪಿಸಿ ಹೋದ. ಒಪ್ಪಿಸುವಾಗ ನನ್ನ ಮುಖ ನೋಡಲಿಲ್ಲ, ಗೋಡೆ ನೋಡಿಕೊಂಡು ಹೇಳಿದ. ‘ಮೊದಲ್ನೇದು ಉಳೀಲಿಲ್ಲ, ಅದಕ್ಕೆ ಇದೇ ಚೊಚ್ಚಲು ಕಣಮ್ಮ. ಚೊಚ್ಚಲ ಬಾಣಂತನ ತವರಾಗೇ ಆಗ್ಬೇಕು. ಈ ಸಲ ಬರ್ನಿಲ್ಲ ಅಂದ್ರೆ ನಮ್ಮ ಹೊಸ್ಲು ಮರ್ತ್‌ಬಿಡು ಅಂತ ಅವ್ವ ಅಂದವ್ಳೆ’ ಅಂದ. ಮಾರ್ಗಶಿರದ ಅಮಾವಾಸ್ಯೆ ಕಳೆದ ಮೇಲೆ ಕರೆದುಕೊಂಡು ಹೋಗಲು ಬರುತ್ತೇನೆ ಅಂತಲೂ ಹೇಳಿ ಹೋದ. ನಾನು ಎದ್ದು ಎಲೆ ಹಾಕಿ ಅವನಿಗೆ ಊಟ ಬಡಿಸಿದೆ.

ಉತ್ತರ ಈಗ ಹೇಳುತ್ತೇನೆ. ನಾನು ಬರುವುದಿಲ್ಲ. ಅಣ್ಣ ಬಸ್ಸು ಹತ್ತುವುದು ಬೇಡ. ನಿನಗೆ ಸಿಟ್ಟು ಬರುತ್ತದೆ, ಬರಲಿ. ಸಿಟ್ಟು ಮಾಡಿಕೊಂಡೇ ಮುಂದಿನದನ್ನು ಕೇಳು.

ನಮ್ಮ ಮನೆಯ ಬಾಣಂತಿ ಕೋಣೆ ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಅಲ್ಲಿ ಕಣ್ಣು ತೆರೆದಿದ್ದರೂ ಅಷ್ಟೇ ಕಾಣುತ್ತಿತ್ತು ಅನ್ನು. ಹುಳುವಿನ ಕೋಣೆಯ ಹಿಂದೆ, ಕಿಟಕಿಯಿಲ್ಲದ ಮೂರು ಗೋಡೆ, ನಾಲ್ಕನೆಯದರಲ್ಲಿ ಬಗ್ಗಿ ಹೋಗುವ ಬಾಗಿಲು, ಬಾಗಿಲಿಗೆ ಕಂಬಳಿ, ಕಂಬಳಿಗೆ ಸಿಕ್ಕಿಸಿದ ಬೇವಿನ ಸೊಪ್ಪು. ಮೂಲೆಯಲ್ಲಿ ಹರಳೆಣ್ಣೆ ದೀಪ. ಸಾಂಬ್ರಾಣಿ ಹೊಗೆ ಬೇರೆ. ಗಾಳಿ ಸೋಕಬಾರದು, ಕಣ್ಣು ಬೀಳಬಾರದು, ಹಸಿ ಮೈಗೆ ಶೀತವಾಗಬಾರದು. ಇದರಲ್ಲಿ ಯಾವುದೂ ದಡ್ಡತನವಲ್ಲ. ಅಣ್ಣ ಅಲ್ಲೇ ಹುಟ್ಟಿದ, ನಾನೂ ಅಲ್ಲೇ ಹುಟ್ಟಿದೆ, ಇಬ್ಬರೂ ಗುಂಡುಕಲ್ಲಿನ ಹಾಗೆ ಇದ್ದೇವೆ. ಆದ್ದರಿಂದ ನಿನ್ನ ಕತ್ತಲೆಯನ್ನು ನಾನು ಬೈಯುತ್ತಿಲ್ಲ.

ಕತ್ತಲೆಯ ಬೆಲೆ ನಿನಗಿಂತ ಹೆಚ್ಚು ಬಲ್ಲವರು ಮಡಕಶಿರದಲ್ಲಿ ಯಾರಿದ್ದಾರೆ? ಹುಳುವಿನ ಕೋಣೆಗೆ ಬಿಸಿಲು ಬಿದ್ದರೆ ನೀನು ಮನೆಯವರ ಮೇಲೆಲ್ಲ ಹರಿಹಾಯುತ್ತಿದ್ದೆ. ಒಮ್ಮೆ ಅಣ್ಣ ಕಿಟಕಿಗೆ ಗೋಣಿ ಕಟ್ಟಲು ಮರೆತಾಗ ಹುಳುಗಳೆಲ್ಲ ಬೆಳಕಿಗೆ ಹೆದರಿ ಗೂಡು ಕಟ್ಟುವ ಚಂದ್ರಿಕೆ ತಟ್ಟಿಯ ಕತ್ತಲು ಮಗ್ಗುಲಿಗೆ ಸೇರಿಕೊಂಡವು, ಎರಡೆರಡು ಹುಳು ಸೇರಿ ಒಂದೊಂದು ಗೂಡು ಕಟ್ಟಿದವು. ಅದರಿಂದ ನೂಲು ಬಿಚ್ಚಲಾಗಲಿಲ್ಲ. ಅವತ್ತು ನೀನು ಅಣ್ಣನಿಗೆ ಮುದ್ದೆ ಹಾಕಲಿಲ್ಲ. ಅಣ್ಣಾ, ಇದನ್ನು ಹಾರಿಸಿಬಿಡಬೇಡ, ಓದು.

ರಾಯದುರ್ಗಕ್ಕೆ ಮದುವೆಯಾಗಿ ಬಂದ ಮೇಲೆ ನನಗೆ ಬೆಳಕಿನ ಬೆಲೆ ತಿಳಿಯಿತು. ಇದು ಮಗ್ಗದ ಮನೆ. ನಿನ್ನ ಮನೆಯಲ್ಲಿ ಹುಳು ಕತ್ತಲಲ್ಲಿ ಮಾಡಿದ ರೇಷ್ಮೆ ಇಲ್ಲಿ ಬೆಳಕಿಗೆ ಬಂದು ಸೀರೆಯಾಗುತ್ತದೆ. ಮಣ್ಣಿನ ಮಾಳಿಗೆಗೆ ಮಗ್ಗದ ನೇರಕ್ಕೆ ಒಂದು ಬೆಳಕಿಂಡಿ ಬಿಟ್ಟಿದ್ದಾರೆ. ಮಳೆ ಬಂದರೆ ಮೇಲೆ ಹತ್ತಿ ಅದರ ಮೇಲೆ ಗಡಿಗೆ ಬೋರಲು ಹಾಕುತ್ತಾರೆ. ನಿನ್ನ ಅಳಿಯಂದಿರು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಾಗ ನೋಡಬೇಕು: ಸೊಂಟದಿಂದ ಕೆಳಗೆ ಕತ್ತಲು, ಮೇಲೆ ಬೆಳಕು. ಕಾಲಿಗೆ ಕಣ್ಣು ಬೇಕಾಗಿಲ್ಲ, ತುಳಿದು ತುಳಿದು ಅದಕ್ಕೆ ಅಭ್ಯಾಸವಾಗಿದೆ. ಕೈಗೆ ಮಾತ್ರ ಬೇಕು. ಈ ಮನೆ ಕಟ್ಟಿದವರು ಯಾವುದಕ್ಕೆ ಎಷ್ಟು ಬೇಕೋ ಅಷ್ಟು ಅಳೆದು ಬಡಿಸಿದ್ದಾರೆ ಅಂತ ನಾನು ಒಂದು ದಿನ ಅತ್ತೆಗೆ ಹೇಳಿದೆ. ‘ಅಳದು ಬಡಿಸಾಕ ಅದೇನು ಸಾರೇನವ್ವ?’ ಅಂತ ನಕ್ಕರು.

ಬರೆಯುತ್ತಿದ್ದವಳು ಎದ್ದು ಹೋಗಿ ಬಂದೆ. ಯಾಕೆ ಎದ್ದೆ ಅಂತ ಈಗ ಕೇಳಬೇಡ.

ಅತ್ತೆ ಓಬಮ್ಮನವರ ವಿಷಯ ನಿನಗೆ ಸರಿಯಾಗಿ ಹೇಳಿಲ್ಲ. ಮಾತು ಒರಟು, ಮನಸ್ಸು ಬೆಣ್ಣೆ. ನನ್ನ ಮೊದಲ ಬಾಣಂತನ ಮುಗಿದು ಬರಿಗೈಯಲ್ಲಿ ಇಲ್ಲಿಗೆ ಬಂದ ವರ್ಷದ ಮಾತು. ಒಂದು ಸಂಜೆ ಅವರಿಗೆ ಜ್ವರ ಬಂದು ಮಲಗಿದ್ದರು. ಮಾರನೆಯ ಬೆಳಿಗ್ಗೆ ನೇಯಲು ಅಂಚಿನ ದಾರ ಸಿದ್ಧವಿರಲಿಲ್ಲ. ನಾನೇ ದೊಡ್ಡ ಮನುಷ್ಯಳಾಗಿ ದೀಪ ಹಚ್ಚಿಕೊಂಡು ಕೂತು ಬೆರೆತ ದಾರದ ರಾಶಿಯಿಂದ ಬಿಳಿಯದನ್ನೆಲ್ಲ ಆರಿಸಿ, ಗಂಟು ಹಾಕಿ, ಸುತ್ತಿಟ್ಟೆ. ಇವರು ಅದನ್ನೇ ನಂಬಿ ಇನ್ನೂ ನಸುಗತ್ತಲಿರುವಾಗಲೇ ಪಕ್ಕದಲ್ಲಿ ದೀಪವಿಟ್ಟುಕೊಂಡು ನೇಯಲು ಕೂತರು. ಬಿಸಿಲು ಬೆಳಕಿಂಡಿಯಿಂದ ಇಳಿದಾಗ ನೋಡಿದರೆ ಬಿಳಿ ಅಂಚಿನಲ್ಲಿ ಅಲ್ಲಲ್ಲಿ ಹಳದಿ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆ ಕಂಬಳಿ ಹೊದ್ದುಕೊಂಡೇ ಎದ್ದು ಬಂದು ನೋಡಿ, ನಕ್ಕುಬಿಟ್ಟರು. ‘ದೀಪದಾಗ ಹಳದಿ ದಾರ ಮುಟ್ಟಬಾರ್ದವ್ವ. ದೀಪದ ಬೆಳಕೂ ಹಳದೀನ ಐತಲ್ಲ, ಅದರಾಗ ಹಳದಿ ಹೋಗಿ ಬಿಳೀದರ ಕೂಡ ಸೇರಿಕೊಂಡ್ಬಿಡ್ತೈತಿ. ಕಣ್ಣಿಗೆ ಸಿಗಂಗಿಲ್ಲ’ ಅಂದರು. ನಾನು ಅಳತೊಡಗಿದೆ. ‘ಯಾಕ ಅಳ್ತಿ? ಬಿಚ್ಚಿ ನೇಯ್ದರಾತು, ಸೀರಿ ಏನು ಸತ್ತುಹೋತಾ?’ ಅಂದರು. ಅದನ್ನು ಕೇಳಿ ನನ್ನ ಅಳು ಇನ್ನೂ ಹೆಚ್ಚಾಯಿತು. ಅಂಚು ಕೆಟ್ಟಿತು ಅಂತ ಅಳುತ್ತಿದ್ದಾಳೆ ಅಂದುಕೊಂಡರು ಪಾಪ. ನಾನೂ ಹಾಗೇ ಅಂದುಕೊಳ್ಳಲು ಬಿಟ್ಟೆ.

ಅವ್ವಾ, ಈ ಮಾತು ನಾನು ರಾಯದುರ್ಗದಲ್ಲಿ ಹೊಸದಾಗಿ ಕೇಳಿದ್ದಲ್ಲ. ನಿನ್ನ ಬಾಯಿಂದಲೇ ಕೇಳಿ ಬೆಳೆದದ್ದು. ಹುಳು ಹಣ್ಣಾಗುವ ಹೊತ್ತಿಗೆ, ಅಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು ಮೈ ಹಳದಿಗೆ ತಿರುಗುವ ಹೊತ್ತಿಗೆ, ನೀನು ಏನನ್ನುತ್ತಿದ್ದೆ? ‘ದೀಪ್ದಾಗೆ ಹಣ್ಣು ಹುಳ ಗೊತ್ತಾಗಾಕಿಲ್ಲ ಕಣೆ, ತಟ್ಟೆ ಜಗಲಿಗೆ ತತ್ತಾ’ ಅನ್ನುತ್ತಿದ್ದೆ. ನಾನು ತಟ್ಟೆ ಹೊತ್ತು ತರುತ್ತಿದ್ದೆ. ನೀನು ಬೆಟ್ಟದ ನೆರಳು ಮನೆಯ ಮೇಲೆ ಬೀಳುವುದರೊಳಗೆ ಒಂದೊಂದನ್ನೇ ಎತ್ತಿ ಹಿಡಿದು ನೋಡುತ್ತಿದ್ದೆ. ನಿನ್ನ ಕಣ್ಣಿಗೆ ಒಂದು ಹುಳು ತಪ್ಪುತ್ತಿರಲಿಲ್ಲ.

ಈಗ ನನ್ನ ಮಗನ ವಿಷಯ ಬರೆಯುತ್ತೇನೆ. ನಾವಿಬ್ಬರೂ ಅವನ ಮಾತೆತ್ತಿ ಎಷ್ಟು ಕಾಲವಾಯಿತೋ.

ಅವನು ಹುಟ್ಟಿದಾಗ ಚೆನ್ನಾಗಿ ಅತ್ತ. ಆಮೇಲೆ ಅಳುವುದನ್ನು ಕಡಿಮೆ ಮಾಡಿದ. ನೀನು ‘ಹಟ ಇಲ್ದಿರೋ ಕೂಸು ಕಣೆ, ನಮ್ಮ ವಂಶದಾಗೆ ಇಂಥಾದ್ದು ಹುಟ್ಟಿರ್ನಿಲ್ಲ’ ಅಂತ ಬಂದವರಿಗೆಲ್ಲ ಹೇಳಿದೆ. ಆಮೇಲೆ ಹಾಲು ಬಿಟ್ಟ. ನಿದ್ದೆ ಹೆಚ್ಚು, ಬೆಳೆಯುವ ಮಗು ಅಂದೆವು. ಹುಳು ಸೊಪ್ಪು ಬಿಟ್ಟಾಗ ತಟ್ಟೆಯನ್ನು ಬೆಳಕಿಗೆ ತರುತ್ತಿದ್ದೆವು. ಮಗು ಹಾಲು ಬಿಟ್ಟಾಗ ಬಾಗಿಲ ಕಂಬಳಿ ಸರಿಯಾಗಿ ಮುಚ್ಚಿದೆಯೇ ಅಂತ ನೋಡಿದೆವು. ಕೊನೆಗೆ ಉಸಿರು ನಿಂತ ಮೇಲೆ ಅಣ್ಣ ಅವನನ್ನು ಎತ್ತಿಕೊಂಡು ಹೊಸಿಲು ದಾಟಿದ. ಹಗಲು ಬೆಳಕಿಗೆ ಅವನು ಬಂದದ್ದು ಅದೇ ಮೊದಲು. ನಾನು ಕಂಬಳಿ ಸರಿಸಿ ನೋಡಿದೆ. ಹಣೆ, ಎದೆ, ಅಂಗಾಲು, ಎಲ್ಲ ಹಳದಿ. ಬಾಣಂತಿಯ ಮೈಗೆ ಹಚ್ಚಿದ ಅರಿಶಿನ ತಗುಲಿರಬೇಕು ಅಂತ ಯಾರೋ ಅಂದರು. ಯಾರ ಕಣ್ಣು ಬಿತ್ತೋ ಅಂತ ನೀನು ನೆಟಿಗೆ ಮುರಿದು ಶಪಿಸಿದೆ. ಅರಿಶಿನವೇ ಇರಬೇಕು ಅಂತ ನಾನೂ ನಂಬಿದೆ, ಆ ಅಂಚು ಕೆಡುವವರೆಗೆ.

ಕಣ್ಣು ಬಿದ್ದದ್ದಲ್ಲ ಅವ್ವಾ. ಯಾರ ಕಣ್ಣೂ ಬೀಳಲಿಲ್ಲ, ಅದೇ ಆದದ್ದು. ಅದು ಕಾಮಾಲೆ. ಹೊತ್ತಿಗೆ ಸರಿಯಾಗಿ ಕಂಡಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ದೇವರಿಗೇ ಗೊತ್ತು. ಕಾಣುತ್ತಿತ್ತು ಅನ್ನುವುದಷ್ಟೇ ನನಗೆ ಗೊತ್ತು. ನಿನ್ನನ್ನು ದೂರುತ್ತಿಲ್ಲ. ನೀನು ದೀಪದಲ್ಲಿ ನೋಡಿದೆ, ನಾನೂ ಅದೇ ದೀಪದಲ್ಲಿ ನೋಡಿದೆ, ಅವನನ್ನು ಮಡಿಲಲ್ಲಿ ಇಟ್ಟುಕೊಂಡವಳು ನಾನು. ಹುಳು ಸಾಕುವ ನಾವೇ ಈ ತಪ್ಪು ಮಾಡಿದೆವಲ್ಲ ಅಂತ ಒಮ್ಮೊಮ್ಮೆ ಸುತ್ತುತ್ತಿದ್ದ ದಾರವನ್ನು ಅಲ್ಲೇ ಬಿಟ್ಟು ಎದ್ದುಬಿಡುತ್ತೇನೆ. ಮಿಕ್ಕ ದಿನ ಕೆಲಸ ನಡೆಯುತ್ತದೆ.

ಹೀಗಿರುವಾಗ ಮತ್ತೆ ಅದೇ ಕೋಣೆಗೆ ಹೇಗೆ ಬರಲಿ? ಕಿಟಕಿ ಒಡೆಸು ಅಂತ ಅಣ್ಣನ ಹತ್ತಿರ ಹೇಳಿಕಳಿಸೋಣ ಅಂದುಕೊಂಡೆ. ನೀನು ಕೇಳುವವಳಲ್ಲ. ‘ಗೋಡೆ ಒಡೆಸೋಕೆ ಅವ್ಳೇನು ಅಮಲ್ದಾರ್ರಾ?’ ಅಂತ ಕೇಳುತ್ತೀಯೆ. ಕೇಳು, ತಪ್ಪೇನಿಲ್ಲ. ತವರಿನ ಹೊಸಿಲು ಬೇಕೋ ಮಗು ಬೇಕೋ ಅಂತ ನೀನು ನನ್ನ ಮುಂದೆ ಇಟ್ಟದ್ದು ನಿನಗೆ ಗೊತ್ತಿಲ್ಲದೆಯೇ ಇಟ್ಟದ್ದು. ಗೊತ್ತಿದ್ದರೆ ಇಡುತ್ತಿರಲಿಲ್ಲ. ಅದಕ್ಕೇ ಇಷ್ಟುದ್ದ ಬರೆದೆ.

ಎರಡೂ ಬೇಕು ನನಗೆ. ಹಬ್ಬಕ್ಕೆ ನಿನ್ನ ಕೈಯ ಒಬ್ಬಟ್ಟು ಬೇಕು, ತಲೆಗೆ ನೀನು ಎಣ್ಣೆ ಒತ್ತಬೇಕು, ನೀನು ಬೈಯುವುದೂ ಬೇಕು. ಹೊಸಿಲು ಮರೆತುಬಿಡು ಅಂದರೆ ಮರೆಯುವ ಹೊಸಿಲಲ್ಲ ಅದು, ಅದಕ್ಕೆ ಹಣೆ ತಾಗಿಸಿಕೊಂಡ ಗಾಯದ ಗುರುತು ಇನ್ನೂ ಇದೆ. ಆದರೆ ಎರಡರಲ್ಲಿ ಒಂದೇ ಅಂತ ನೀನು ಹಟ ಹಿಡಿದರೆ, ಯಾವುದನ್ನು ಆರಿಸುತ್ತೇನೆ ಅಂತ ನಿನಗೆ ತಿಳಿಯಲಿ. ನೀನಾದರೂ ಅದನ್ನೇ ಆರಿಸುತ್ತಿದ್ದೆ.

ಇಷ್ಟಕ್ಕೆ ಮುಗಿಸುತ್ತೇನೆ. ಹುಳು ಪೊರೆ ಬಿಡಲು ಜ್ವರಕ್ಕೆ ಕೂತು ನಿನಗೆ ಬಿಡುವಿದ್ದರೆ ಮಿಕ್ಕದ್ದನ್ನೂ ನಿಧಾನವಾಗಿ ಕೇಳು.

ನಿನ್ನ ಬೈಗುಳಕ್ಕೆ ಕಾದಿರುವ ಮಗಳು,
ಸಣ್ಣಕ್ಕ

ತಾ.ಕ.: ಅಣ್ಣಾ, ಈಗ ಬಾಗಿಲ ಹತ್ತಿರ ಬೆಳಕಿಗೆ ಬಂದು ಓದು, ಅವ್ವನನ್ನೂ ಕರೆದುಕೊಂಡು ಬಾ. ಇದನ್ನು ಮೊದಲೇ ಬರೆದಿದ್ದರೆ ನೀನು ಅಲ್ಲಿಗೇ ನಿಲ್ಲಿಸಿ ಬೀದಿಗೆ ಓಡುತ್ತಿದ್ದೆ, ಅವ್ವ ಮಿಕ್ಕದ್ದನ್ನು ಕೇಳುತ್ತಿರಲಿಲ್ಲ.

ಅವ್ವಾ, ಬರುವುದಿಲ್ಲ ಅಂತ ನಿನಗೆ ಹೇಗೆ ಹೇಳಲಿ ಅಂತ ನಾನು ಧೈರ್ಯ ಕೂಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳೇ ತೀರ್ಮಾನ ಮಾಡಿಬಿಟ್ಟಳು. ಹುಣ್ಣಿಮೆಯ ಮಾರನೆಯ ದಿನ, ಲೆಕ್ಕಕ್ಕಿಂತ ಮೊದಲೇ, ಮಗ್ಗದ ಮನೆಯಲ್ಲೇ ಹುಟ್ಟಿದಳು. ಹೆಣ್ಣು ಮಗು. ಅತ್ತೆ ಬೆಳಕಿಂಡಿಯ ಕೆಳಗೆ ಮಂಚ ಹಾಕಿಸಿ, ಸುತ್ತ ಸೀರೆ ಕಟ್ಟಿ, ಗಾಳಿಯನ್ನು ಮಾತ್ರ ತಡೆದರು. ಪುರುಡಿನ ದಿನಗಳಲ್ಲಿ ಮಗ್ಗ ನಿಂತಿತ್ತು, ಮನೆಯವರಿಗೆಲ್ಲ ಅವಳನ್ನು ನೋಡುವುದೊಂದೇ ಕೆಲಸ.

ಮೂರನೆಯ ಬೆಳಿಗ್ಗೆ ಬಿಸಿಲು ಇಳಿದಾಗ ನೋಡಿದರೆ ಕಣ್ಣಿನ ಬಿಳಿ ಹಳದಿಯಾಗಿತ್ತು. ನಾನು ಅತ್ತೆಯನ್ನು ಕೂಗಿದೆ. ಅತ್ತೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ನಡೆದರು, ನಿನ್ನ ಅಳಿಯಂದಿರು ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹಿಂದೆಯೇ ಬಂದರು. ನಿದ್ದೆ ಮಾಡಿದರೂ ಎಬ್ಬಿಸಿ ಹಾಲು ಕುಡಿಸಿ, ಹಳದಿ ಏರಿದರೆ ಕಾಣುವಂತೆ ಬೆಳಕಿನಲ್ಲೇ ಇಡಿ, ದಿನಾ ಕರೆತಂದು ತೋರಿಸಿ ಅಂದರು ಡಾಕ್ಟರು. ಹಾಗೇ ಮಾಡಿದೆವು. ನಾನು ಕಾಗದ ಬಿಟ್ಟು ಎದ್ದದ್ದೂ ಅವಳಿಗೆ ಹಾಲು ಕುಡಿಸಲಿಕ್ಕೇ. ಹಳದಿ ದಿನದಿನಕ್ಕೂ ಇಳಿದು ನಿನ್ನೆಗೆ ಪೂರ್ತಿ ಹೋಯಿತು. ಈಗ ಅವಳು ಹಟ ಮಾಡುತ್ತಾಳೆ ಅವ್ವಾ, ಬೀದಿಯ ಕೊನೆಯವರೆಗೂ ಕೇಳುತ್ತದೆ.

ಇನ್ನೂ ಹೆಸರಿಟ್ಟಿಲ್ಲ. ನೀನು ಬರುವವರೆಗೆ ತೊಟ್ಟಿಲಿಗೆ ಹಾಕುವುದಿಲ್ಲ ಅಂತ ಅತ್ತೆ ಹೇಳಿದ್ದಾರೆ. ಅಮಾವಾಸ್ಯೆ ಕಳೆದ ಮೇಲೆ ಅಣ್ಣ ಒಬ್ಬನೇ ಬರುವುದು ಬೇಡ, ನಿನ್ನನ್ನು ಕರೆದುಕೊಂಡು ಬರಲಿ. ಹಗಲು ಬಸ್ಸಿಗೇ ಬಾ. ಮಗುವನ್ನು ಒಳಗೆ ಕೊಡುವುದಿಲ್ಲ, ಜಗಲಿಗೆ ತಂದು ಬಿಸಿಲಿನಲ್ಲಿ ನಿನ್ನ ಕೈಗೆ ಕೊಡುತ್ತೇನೆ. ನೀನೇ ಎತ್ತಿ ಹಿಡಿದು ಅಂಗಾಲಿನಿಂದ ನೆತ್ತಿಯವರೆಗೆ ನೋಡು. ನಿನ್ನ ಕಣ್ಣು ನೋಡಿ ಸರಿ ಅಂದರೇನೇ ನನಗೆ ನಿದ್ದೆ ಬರುವುದು.

ಪೊಟ್ಟಣದಲ್ಲಿ ಸಕ್ಕರೆ ಇದೆ. ಈಗ ಬಿಚ್ಚು.