ವಲ್ಲಿಯ ಕೆಳಗೆ ಒಂದು ಮುಷ್ಟಿ

ಹುಬ್ಬಳ್ಳಿ,
ಫೆಬ್ರವರಿ ಮೂವತ್ತೇಳು, ೨೨೧೯

ನನಗಿಂತ ಇನ್ನೂರು ವರ್ಷ ಹಿಂದೆ, ಹೋಟೆಲಿನ ಎರಡನೇ ಮಹಡಿಯ ಸಭಾಂಗಣದಲ್ಲಿ, ಕೊರಳಿಗೆ ಹೆಸರಿನ ಚೀಟಿ ತೂಗುಹಾಕಿಕೊಂಡು, ಮಾರಾಟ, ತಂತ್ರಜ್ಞಾನ, ವೇದಿಕೆ ಭಾಷಣ ಮೂರನ್ನೂ ಊಟದ ಸಮೇತ ಒಂದೇ ದಿನದಲ್ಲಿ ಕಲಿಯಲು ಕೂತಿರುವ ವ್ಯಾಪಾರಸ್ಥ ಹಿರಿಯರಿಗೆ,

ತಾರೀಖು ನೋಡಿ ಬರೆದವನ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಕೆಟ್ಟಿರುವುದು ಕ್ಯಾಲೆಂಡರು. ನಮ್ಮಲ್ಲಿ ಟಾರ್ಗೆಟ್ ಮುಟ್ಟುವ ತನಕ ತಿಂಗಳು ಮುಗಿಯುವುದಿಲ್ಲ. ಹೋದ ವರ್ಷದ ಮಾರ್ಚ್ ಎಷ್ಟು ಹಿಗ್ಗಿತೆಂದರೆ ಯುಗಾದಿಯನ್ನೇ ನುಂಗಿ, ಬೇವನ್ನಷ್ಟೇ ನಮಗೆ ಉಗಿಯಿತು. "ತಿಂಗಳ ಕೊನೆ ನಿಮ್ಮ ಕೈಯಲ್ಲಿದೆ" ಎಂದು ನಿಮ್ಮ ತರಬೇತಿಗುರು ಹುರುಪಿನಲ್ಲಿ ಅಂದ ಮಾತನ್ನು ನಾವು ಕಾನೂನು ಮಾಡಿಕೊಂಡಿದ್ದೇವೆ. ಪತ್ರದಲ್ಲಿ ನೀವು ಕೇಳರಿಯದ ಪದಗಳು ಬರುತ್ತವೆ. ಅದಕ್ಕೆ ಕ್ಷಮೆ ಕೇಳುವುದು ಪದ್ಧತಿ, ಕೇಳಿದ್ದೇನೆ. ಇನ್ನು ಬೈಗುಳಕ್ಕೆ ಬರೋಣ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ನನ್ನ ಹೆಸರು ಗುರುಪಾದ ಮುಳಗುಂದ. ನಾನು ಮುಂಬಾಯಿ. ಅಂದರೆ ನಿಮ್ಮ ಸಮುದ್ರದ ದಂಡೆಯ ಊರಲ್ಲ. ಅಂಗಡಿಯ ಮುಂದಿನ ಬಾಯಿ. ಒಬ್ಬರು ಮಾಡುತ್ತಾರೆ, ಇನ್ನೊಬ್ಬರು ಮಾತಾಡುತ್ತಾರೆ. ನಮ್ಮ ಮನೆಯಲ್ಲಿ ಮಾಡುವವಳು ನನ್ನ ತಂಗಿ ನೀಲಗಂಗಾ. ಅವಳು ಎಂಜಿನಿಯರು, ಗೋಕುಲ ರಸ್ತೆಯಲ್ಲಿ ಲಿಫ್ಟಿನ ಬ್ರೇಕು ತಯಾರಿಸುವ ಕಾರ್ಖಾನೆಯ ಒಡತಿ. ಅವಳು ನಿಲ್ಲಿಸುವವಳು, ನಾನು ನಿಲ್ಲಿಸದೆ ಮಾತಾಡುವವನು. ಜೋಡಿ ಚೆನ್ನಾಗಿಯೇ ನಡೆದಿತ್ತು.

ಮಾರುವ ಪ್ರತಿಯೊಬ್ಬರೂ ಗಂಟಲಿಗೆ ನಯಗಾರ ಕಟ್ಟಿಕೊಳ್ಳಬೇಕು. ಹುಣಸೆಬೀಜದಷ್ಟು ಗಾತ್ರದ ಯಂತ್ರ. ನಾವು ಆಡಿದ್ದನ್ನು ಹಿಡಿದು, ಒರಟು ತೆಗೆದು, ನಮ್ಮದೇ ದನಿಯಲ್ಲಿ ನಯವಾಗಿ ಹೊರಬಿಡುತ್ತದೆ. ನಯ ಅದರದು, ವಂಚನೆ ನಮ್ಮ ಹೆಸರಿನದು. ಅದು ಒಳಗೆ ಬಂದಮೇಲೆ ಅಂಗಡಿಯ ಹೊಸ್ತಿಲಲ್ಲಿ ನಿಲ್ಲಲಿಲ್ಲ. ನನ್ನ ಮಗಳು ಉಪ್ಪಿಟ್ಟು ಬೇಡ ಅಂದರೆ ನನಗೆ ಕೇಳಿಸುವುದು "ಅಪ್ಪಾ, ಉಪ್ಪಿಟ್ಟಿನ ಬಗೆಗಿನ ನಿಮ್ಮ ದೃಷ್ಟಿ ನನಗೆ ಸ್ಫೂರ್ತಿ" ಎಂದು. ತಟ್ಟೆ ಮಾತ್ರ ತುಂಬಿಯೇ ವಾಪಸು ಬರುತ್ತದೆ. ಸಾವಿನ ಮನೆಯಲ್ಲಿ ಸಂತಾಪ ಹೇಳಹೋದವನು ಕೊನೆಗೆ "ಬನ್ನಿ, ಇವತ್ತೇ ಮೊದಲ ಹೆಜ್ಜೆ ಇಡೋಣ" ಅನ್ನುತ್ತಾನೆ. ಯಾವ ಕಡೆಗೆ ಹೆಜ್ಜೆ ಎಂದು ಹೆಣವೂ ಕೇಳುವುದಿಲ್ಲ, ಅದಕ್ಕೊಂದಕ್ಕೇ ಇನ್ನೂ ಮರ್ಯಾದೆ ಉಳಿದಿದೆ.

ಕೊಳ್ಳುವವರು ಸುಮ್ಮನಿರುತ್ತಾರೆಯೇ? ಅವರು ಕಿವಿಗೆ ಜರಡಿ ಹಾಕಿಕೊಂಡರು. "ಈಗಲೇ", "ಇವತ್ತೇ", "ಕೊನೆಯ ಅವಕಾಶ", "ತಪ್ಪಿದರೆ ಅಪಾಯ" ಇಂಥ ಮಾತು ಬಂದರೆ ಮಾರಾಟದ ಗಿಮಿಕ್ಕೆಂದು ಜರಡಿ ತಡೆಯುತ್ತದೆ. ನಯಗಾರ ಇಲ್ಲದ ಹಸಿ ದನಿಯನ್ನು ಗದ್ದಲವೆಂದು ಅಳಿಸಿಯೇ ಬಿಡುತ್ತದೆ. ಕಣ್ಣಿಗೂ ಇಂಥದೇ ಕನ್ನಡಕ ಬಂದಿದೆ. ದಪ್ಪ ಅಕ್ಷರದಲ್ಲಿ ಬರೆದದ್ದೆಲ್ಲ ಅದಕ್ಕೆ ಜಾಹೀರಾತು, ಒರೆಸಿಬಿಡುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಿದ್ದಿರಂತೆ. ನಮ್ಮಲ್ಲಿ ಮುತ್ತಾದರೂ ಒಡೆದ ಸದ್ದು ಬರುತ್ತದೆ.

ಇದರಲ್ಲಿ ನಮ್ಮ ಪಾಲೇನು ಎಂದು ಹುಬ್ಬು ಏರಿಸಬೇಡಿ. ಪಾಲೆಲ್ಲ ನಿಮ್ಮದೇ. ಯಂತ್ರಗಳಿಗೆ ಕನ್ನಡದ ವ್ಯವಹಾರದ ಮಾತು ಕಲಿಸುವ ಕಾಲ ಬಂದಾಗ ಬೇಕಾದ ಧ್ವನಿಮುದ್ರಣ ಎಲ್ಲೂ ಇರಲಿಲ್ಲ. ತರಕಾರಿಯವಳ ಜಗಳವನ್ನಾಗಲಿ, ಗ್ಯಾರೇಜಿನವನು ಗಿರಾಕಿಗೆ ಹೇಳಿದ ಕಟುಸತ್ಯವನ್ನಾಗಲಿ ಯಾರೂ ಹಿಡಿದಿಟ್ಟಿರಲಿಲ್ಲ. ಎದೆಗೊಂದು ಮೈಕು, ಎದುರಿಗೊಂದು ಕ್ಯಾಮೆರಾ ಇಟ್ಟುಕೊಂಡು ಸಾವಿರಾರು ತಾಸು ಮಾತಾಡಿಟ್ಟವರು ನೀವೊಬ್ಬರೇ, ನಿಮ್ಮ ಶಿಬಿರಗಳಲ್ಲಿ. ಯಂತ್ರ ಕನ್ನಡ ಕಲಿತದ್ದು ನಿಮ್ಮ ಬಾಯಿಂದ. ತಾಯ್ನುಡಿ ಹೋಗಿ ಬಾಯ್ನುಡಿಯಾಯಿತು. "ಗಿರಾಕಿಗೆ ಎಂದೂ ಇಲ್ಲ ಅನ್ನಬೇಡಿ, ಹೌದು, ಜೊತೆಗೆ... ಅನ್ನಿ" ಎಂದಿರಿ. ನಯಗಾರ ಅದನ್ನು ಕಲಿಯಿತು. "ತುರ್ತು ಹುಟ್ಟಿಸಿ" ಎಂದಿರಿ. ಜರಡಿ ಅದನ್ನು ತಡೆಯಲು ಕಲಿಯಿತು. ಒಂದು ಕಲಹವನ್ನು ಎರಡೂ ಕಡೆಯಿಂದ ಹೇಳಿಕೊಟ್ಟು, ನೀವು ಮಾತ್ರ ಗ್ರೂಪ್ ಫೋಟೋ ತೆಗೆಸಿಕೊಂಡು ಮನೆಗೆ ಹೋದಿರಿ.

ಈಗ ನಡೆದದ್ದನ್ನು ಕೇಳಿ.

ಊರಿನ ಅತಿ ಎತ್ತರದ ಕಟ್ಟಡ ಮೇಘಮಾಲೆ. ಅದರ ನಲವತ್ತನೇ ಮಹಡಿಯಲ್ಲಿ ಮಕ್ಕಳ ಶಾಲೆ. ಅಲ್ಲಿನ ಲಿಫ್ಟುಗಳಿಗೆ ನಮ್ಮ ಹೊಸ ಬ್ರೇಕು ಕೂಡಿಸಿ ಆಗಿತ್ತು. ಒಂದು ಮುಂಜಾನೆ ನೀಲಗಂಗಾ ಅದೇ ಸರಕಿನಲ್ಲಿ ಉಳಿದ ಒಂದು ತುಂಡನ್ನು ಮತ್ತೆ ಪರೀಕ್ಷೆಗಿಟ್ಟಳು. ಬಿಸಿಯೇರಿದಂತೆ ಬ್ರೇಕಿನ ಒಳಪದರ ಹಾಲಿನ ಕೆನೆಯ ಹಾಗೆ ಎದ್ದುಬಂತು. ಹೊಸ ಅಂಟು ಕೈಕೊಟ್ಟಿತ್ತು. ಕೆಲಸದ ವೇಳೆ ಬಿಚ್ಚಿಟ್ಟ ನಯಗಾರ ಕೈಯಲ್ಲೇ ಹಿಡಿದು ಅವಳು ಮೆಟ್ಟಿಲು ಹಾರಿಕೊಂಡು ಬಂದು, "ಗುರು, ಫಕೀರಗೌಡ್ರಿಗೆ ಫೋನ್ ಹಚ್ಚೋ! ಲಿಫ್ಟ್ ನಿಂದರಸಂತ ಹೇಳು!" ಅಂದಳು. ಗೌಡರು ಮೇಘಮಾಲೆಯ ಖರೀದಿ ಮುಖ್ಯಸ್ಥರು.

ನಾನು ಹೇಳಿದ್ದು: "ಗೌಡ್ರ, ನಮ್ಮ ಬ್ರೇಕ್ ಹಿಡಿಯೂದಿಲ್ಲ. ಲಿಫ್ಟ್ ಬಂದ್ ಮಾಡ್ರಿ." ಅವರಿಗೆ ಮುಟ್ಟಿದ್ದು: "ಗೌಡರೇ, ನಮ್ಮ ಬ್ರೇಕಿನಿಂದ ನಿಮ್ಮ ಲಿಫ್ಟಿಗೆ ಹಿಂದೆಂದೂ ಕಾಣದ ಸ್ವಾತಂತ್ರ್ಯ!"

"ಭಾಳ ಛಲೋ ಆತ್ರಿ," ಅಂದರು ಗೌಡರು. "ಈಗ ಬ್ರೇಕ್‌ಫಾಸ್ಟ್ ಸಭಾದಾಗ ಅದೀನ್ರಿ. ಇಲ್ಲೇ ಕೆಳಗ ಬರ್ರಿ, ಇಡ್ಲಿ ತಿನಕೋತ ಮಾತಾಡೂಣು."

ಬ್ರೇಕು ಸ್ಲೋ ಆದ ದಿನವೇ ಬ್ರೇಕ್‌ಫಾಸ್ಟು. ಓಡಿದೆವು.

ಮೇಘಮಾಲೆಯ ನೆಲಮಹಡಿಯಲ್ಲಿ ವ್ಯಾಪಾರಿಗಳ ಉಪಾಹಾರ ಸಭೆ. ಗಾಜಿನ ಗೋಡೆಯ ಆಚೆ ಲಿಫ್ಟಿನ ಬಾಗಿಲು. ಅಲ್ಲಿ ಶಾಲೆಯ ಮಕ್ಕಳು ಚೀಲ ಹೊತ್ತು ಸಾಲು ಕಟ್ಟುತ್ತಿದ್ದವು. ಮೊದಲ ಗುಂಪು ಒಳಗೆ ಹೋಗಲು ಶಾಲೆಯ ಗಂಟೆಗೆ ಕಾಯುತ್ತಿತ್ತು. ನೀಲಗಂಗಾ ನಯಗಾರ ಕಟ್ಟಿಕೊಂಡು ನೇರ ವೇದಿಕೆ ಹತ್ತಿದಳು. "ಹುಡುಗ್ರು ಹತ್ತೂದರೊಳಗ ಲಿಫ್ಟ್ ಬಂದ್ ಮಾಡ್ರೀ!" ಎಂದು ಚೀರಿದಳು. ಸಭೆಗೆ ಕೇಳಿಸಿತು: "ಮಕ್ಕಳ ನಗುವೇ ನಮ್ಮ ಬಂಡವಾಳ!" ಚಪ್ಪಾಳೆಯಾಯಿತು.

ಅವಳು ನಯಗಾರವನ್ನು ಕಿತ್ತು ನೆಲಕ್ಕೆಸೆದಳು. ಹಸಿ ದನಿಯಲ್ಲಿ ಕೂಗತೊಡಗಿದಳು. ಎಲ್ಲರ ಜರಡಿಯೂ ಅದನ್ನು ಅಳಿಸಿಹಾಕಿತು. ಸಭೆಯ ಪಾಲಿಗೆ ವೇದಿಕೆಯ ಮೇಲೊಬ್ಬ ಹೆಂಗಸು ಬಾಯಿ ತೆರೆದು, ಕೈ ಬೀಸಿ, ಸದ್ದಿಲ್ಲದೆ ನಿಂತಿದ್ದಳು. ಮುಂದಿನ ಸಾಲಿನ ಟೈಲ್ಸ್ ವ್ಯಾಪಾರಿ ಪಕ್ಕದವನನ್ನು ತಿವಿದ. "ಮಾತಿನ ನಡುವ ಏನ್ ಪಾಜ್ ತಗೊಂಡಾಳ್ರೀ! ಪಾಜ್ ಅಂದ್ರ ಇದು!" ಪಕ್ಕದವನು ಇಡ್ಲಿ ನುಂಗುತ್ತ, "ಕೈ ನೋಡ್ರಿ, ಕೈ. ಸೊಂಟದ ಮ್ಯಾಲೇ ಆಡಸಾಕತ್ತಾಳ. ಫುಲ್ ಟ್ರೇನಿಂಗ್ ಆಗೇತಿ," ಅಂದ. ಭಾಷಣದ ನಡುವೆ ಮೌನ ಬಳಸಿ, ಕೈಯನ್ನು ಸೊಂಟದಿಂದ ಮೇಲೇ ಆಡಿಸಿ ಎಂದವರು ಯಾರು? ಕೈ ಎತ್ತಿ ಹಿರಿಯರೇ, ಸೊಂಟದಿಂದ ಮೇಲೇ ಎತ್ತಿ.

ನಾನು ಸಭೆಯ ಬಟ್ಟೆ ಬ್ಯಾನರಿನ ಹಿಂಬದಿಯಲ್ಲಿ "ಲಿಫ್ಟ್ ಹತ್ತಬೇಡಿ" ಎಂದು ದಪ್ಪಕ್ಕೆ ಬರೆದು ಎತ್ತಿ ಹಿಡಿದೆ. ಕನ್ನಡಕಗಳು ಅದನ್ನು ಖಾಲಿ ಬಟ್ಟೆ ಮಾಡಿದವು. ಒಬ್ಬ ಬಂದು ಅದಕ್ಕೆ ಕೈ ಒರೆಸಿಕೊಂಡು ಹೋದ. ಮಕ್ಕಳ ಕಡೆಗೆ ಓಡಿದರೆ ಕಾವಲಿನವರು "ಸರ್, ಪ್ರಾತ್ಯಕ್ಷಿಕೆ ಸಭೆಯೊಳಗ ಮಾತ್ರ," ಎಂದು ನಗುತ್ತ ರಟ್ಟೆ ಹಿಡಿದು ತಂದುಬಿಟ್ಟರು. ಗಂಟೆ ಹೊಡೆಯಿತು.

ಇಷ್ಟೆಲ್ಲ ಸುಳ್ಳಿನ ನಡುವೆ ನಮ್ಮ ವ್ಯಾಪಾರ ಹೇಗೆ ನಡೆಯುತ್ತದೆ ಅನ್ನಿಸಿರಬಹುದು. ವಲ್ಲಿಯಿಂದ, ಅಂದರೆ ಹೆಗಲ ಮೇಲಿನ ವಸ್ತ್ರದಿಂದ. ನಿಮ್ಮ ದನದ ಸಂತೆಗಳಲ್ಲಿ ದಲಾಲರು ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದರಲ್ಲ, ಅದನ್ನೇ ನಾವು ಮತ್ತೆ ತಂದೆವು. ಮೇಲೆ ನಯಗಾರ ಎಷ್ಟೇ ಹಾಡಲಿ, ಖರೇ ಮಾತು ಹೆಗಲ ವಲ್ಲಿಯ ಕೆಳಗೆ, ಕೈಯಿಂದ ಕೈಗೆ. ಯಾವ ಯಂತ್ರಕ್ಕೂ ಕಾಣುವುದಿಲ್ಲ, ಕೇಳುವುದಿಲ್ಲ. ಬೆರಳು ದರಕ್ಕೆ, ಅಂಗೈ ಒಪ್ಪಿಗೆಗೆ. ಮುಷ್ಟಿ ಕಟ್ಟಿದರೆ ಮಾಲು ಬೇಡ ಎಂದರ್ಥ. ಅದಕ್ಕೇ ಮುಷ್ಟಿ ಯಾವತ್ತೂ ಕೊಳ್ಳುವವರದು. ಮಾರುವವರು ಮುಷ್ಟಿ ಕಟ್ಟಿದ್ದನ್ನು ನಾನು ಕಂಡಿಲ್ಲ, ನಮ್ಮಪ್ಪನೂ ಕಂಡಿರಲಿಲ್ಲ.

ನೀಲಗಂಗಾ ವೇದಿಕೆಯಿಂದ ಧುಮುಕಿ, ನನ್ನ ಹೆಗಲಿನ ವಲ್ಲಿ ಎಳೆದುಕೊಂಡು, ಇಡ್ಲಿ ತಟ್ಟೆಯ ಮುಂದಿದ್ದ ಗೌಡರ ಬಲಗೈ ಮೇಲೆ ಹಾಸಿದಳು. ಗೌಡರು ರೂಢಿಯಂತೆ ಕೈ ಚಾಚಿದರು. ಅವಳು ಅದರೊಳಗೆ ಮುಷ್ಟಿ ಇಟ್ಟಳು. ಗೌಡರಿಗೆ ನಗು ಬಂತು. ಹೆಣ್ಣುಮಗಳಿಗೆ ರಿವಾಜು ಗೊತ್ತಿಲ್ಲ ಎಂದುಕೊಂಡು ಮೆಲ್ಲಗೆ ಅವಳ ಬೆರಳು ಬಿಡಿಸಿದರು. ಅವಳು ಮತ್ತೆ ಕಟ್ಟಿದಳು. ಅವರು ಮತ್ತೆ ಬಿಡಿಸಹೋದರು. ಈ ಸಲ ಬೆರಳು ಬಿಚ್ಚಲಿಲ್ಲ. ಗೌಡರ ಮುಖದ ನಗು ಇಳಿಯಿತು. ಎಡಗೈಯಿಂದ ಕಿವಿಯ ಜರಡಿ ತೆಗೆದು ಮೇಜಿನ ಮೇಲಿಟ್ಟರು.

"ಯಾಕವ್ವಾ? ಮುಷ್ಟಿ ನಂದಲ್ಲೇನು?"

"ಇವತ್ತ ನಂದರೀ ಗೌಡ್ರ. ಬ್ರೇಕ್ ಹಿಡಿಯೂದಿಲ್ಲ. ಲಿಫ್ಟ್ ನಿಂದರಸ್ರಿ."

ಆ ದೇಹ ಅಷ್ಟು ಜೋರು ಓಡಬಲ್ಲದು ಎಂದು ಗೌಡರಿಗೇ ಗೊತ್ತಿರಲಿಕ್ಕಿಲ್ಲ. ಟೈ ಹೆಗಲಾಚೆ ಹಾರುತ್ತಿತ್ತು. ಗೋಡೆಯ ಕೆಂಪು ಹಿಡಿಕೆ ಜಗ್ಗಿದರು. ಮೂರು ಲಿಫ್ಟು ಅಲ್ಲಲ್ಲೇ ನಿಂತವು. ಆಗಲೇ ಮೇಲಕ್ಕೆ ಹೊರಟಿದ್ದ ನಾಲ್ಕನೆಯದು ನಿಲ್ಲಲಿಲ್ಲ. ನಲವತ್ತನೇ ಮಹಡಿಗಿಂತ ಇನ್ನೂ ಮೇಲಕ್ಕೇ ಕಳಿಸುವ ಲಿಫ್ಟು ಅದು. ಒಂದಿಷ್ಟು ಮಕ್ಕಳನ್ನೂ ಒಬ್ಬ ಟೀಚರನ್ನೂ ಹೊತ್ತು ಕೆಳಕ್ಕೆ ಜಾರಿ, ಜಾರಿ, ಕಟ್ಟಕಡೆಯ ಕಬ್ಬಿಣದ ಕೊಕ್ಕೆಗೆ ಸಿಕ್ಕಿ ನಿಂತಿತು. ಜೀವಗಳು ಉಳಿದವು. ಟೀಚರ ಮೊಣಕೈ ಮುರಿಯಿತು. ಮಕ್ಕಳು ಕಟ್ಟಡ ಅದುರುವಂತೆ ಅಳುತ್ತಿದ್ದವು. ಗಾಜಿನ ಈಚೆ ಸಭೆ ಎರಡನೇ ಸುತ್ತು ಸಾಂಬಾರು ಹಾಕಿಸಿಕೊಳ್ಳುತ್ತಿತ್ತು. ನಯಗಾರ ಕಟ್ಟದ ಮಕ್ಕಳ ಅಳು ಜರಡಿಗೆ ಗದ್ದಲ.

ನನಗೆ ಇನ್ನೂ ಹಲ್ಲು ಕಡಿಯುವಂತಾಗುವುದು ಆ ಸಾಂಬಾರಿಗೆ.

ಬ್ರೇಕುಗಳನ್ನು ವಾಪಸು ತಂದೆವು. ನೀಲಗಂಗಾ ಹಳೆಯ ಅಂಟಿಗೆ ಮರಳಿ ಎಲ್ಲವನ್ನೂ ಹೊಸದಾಗಿ ಮಾಡಿ ಕೂಡಿಸಿದಳು. ವ್ಯಾಪಾರ ಮಂಡಳಿಯ ಯಂತ್ರಕ್ಕೆ "ದೋಷ" ಎಂಬ ಪದವೇ ಗೊತ್ತಿಲ್ಲದ್ದರಿಂದ, ಅದು ಅವಳಿಗೆ "ವರ್ಷದ ಅತ್ಯುತ್ತಮ ಮೌನ" ಪ್ರಶಸ್ತಿ ಕೊಟ್ಟಿತು. ನಗಬೇಡಿ. ನಗುವ ಕೆಲಸ ನನ್ನದು, ಅದೇ ನನ್ನಿಂದಾಗುತ್ತಿಲ್ಲ. ಆಮೇಲೆ ನಿಮ್ಮ ವಂಶದವನೇ ಒಬ್ಬ ತರಬೇತಿಗುರು ಶಿಬಿರ ತೆರೆದ: "ಮುಷ್ಟಿಯಿಂದ ಸಂತುಷ್ಟಿಗೆ". ಮಾರುವವರೇ ಮುಷ್ಟಿ ಕಟ್ಟಿದರೆ ಕೊಳ್ಳುವವರ ಕುತೂಹಲ ಕೆರಳುತ್ತದಂತೆ, ಜರಡಿ ತೆಗೆದು ಕಿವಿ ಕೊಡುತ್ತಾರಂತೆ, ಆಗ ಮಾಲು ದಾಟಿಸಬೇಕಂತೆ. ಶಿಬಿರ ತುಂಬಿ ತುಳುಕಿತು. ಮೊನ್ನೆ ಗೌಡರು ನಮ್ಮ ಕಾರ್ಖಾನೆಗೆ ಬಂದು, ಜರಡಿ ತೆಗೆದಿಟ್ಟು, ನೀಲಗಂಗಾಳ ಮುಖ ನೋಡಲಾರದೆ ಹೇಳಿದರು: "ತಂಗೀ, ಈ ವಾರ ಎಲ್ಲಾರೂ ಮುಷ್ಟಿನ ಕಟ್ಟಾಕತ್ತಾರ. ಸಿಟ್ಟಿಗೇಳಬ್ಯಾಡ. ಇನ್ನ ನೀ ಕಟ್ಟಿದ್ರೂ ನಂಗ ನಂಬಕ ಆಗೂದಿಲ್ಲ."

ಅವರು ಹೋದಮೇಲೆ ನೀಲಗಂಗಾ ಪರೀಕ್ಷೆಯ ಮೇಜಿಗೆ ಒರಗಿ ಕೇಳಿದಳು: "ಮುಂದಿನ ಸಲ ಏನ್ ಮಾಡೂದೋ, ಗುರು?"

ನಾನು ಮುಂಬಾಯಿ. ನನ್ನ ಬಾಯಿ ಯಂತ್ರದ ಕೈಯಲ್ಲಿದೆ. ಅದಕ್ಕೇ ಈ ಪತ್ರವನ್ನು ಪೆನ್ಸಿಲಿನಲ್ಲಿ, ಕೈಯಾರೆ ಬರೆಯುತ್ತಿದ್ದೇನೆ; ಪೆನ್ನಿಗೂ ನಯಗಾರ ಕೂತಿದೆ. ನಿಮ್ಮ ಸಭಾಂಗಣದ ಬಾಗಿಲಲ್ಲಿ ಅಭಿಪ್ರಾಯ ಹಾಕಲು ಇಟ್ಟಿರುವ ಡಬ್ಬಿಗೆ ಇದು ಕಾಲದ ಹಿಂದಕ್ಕೆ ಹೋಗಿ ಬೀಳುವಂತೆ ಏರ್ಪಾಡಾಗಿದೆ. ಅದನ್ನು ಯಾರೂ ತೆರೆಯುವುದಿಲ್ಲವೆಂದು ಬಲ್ಲೆ. ಇವತ್ತೊಂದು ದಿನ ತೆರೆಯಿರಿ.

ನಿಮ್ಮ ಧ್ವನಿಮುದ್ರಣಗಳೆಲ್ಲ ನಮ್ಮ ಸಂಗ್ರಹದಲ್ಲಿವೆ. ಸಿಟ್ಟಿನಲ್ಲಿ ಕೂತು ಹುಡುಕಿದ್ದೇನೆ. ಅಷ್ಟು ಸಾವಿರ ತಾಸುಗಳಲ್ಲಿ ಮಾರುವ ಒಬ್ಬನಾದರೂ, ಮಾರುವ ಒಬ್ಬಳಾದರೂ, "ಇಲ್ಲ, ಇದು ನಿಮಗೆ ಆಗಿಬರುವುದಿಲ್ಲ" ಎಂದದ್ದು ಸಿಗಲಿಲ್ಲ. ಒಂದು ಕಡೆ ಒಬ್ಬರು ಬಾಯಿ ತೆರೆದಿದ್ದರು. ಗುರುಗಳು ತಡೆದು, "ಪಾಸಿಟಿವ್ ಆಗಿ ಹೇಳಿ ನೋಡೋಣ," ಅಂದರು. ಅವರು ಹೇಳಿದರು. ಚಪ್ಪಾಳೆಯಾಯಿತು. ಯಂತ್ರ ಕಲಿಯಿತು.

ಗಂಟಲು ಸರಿಮಾಡಿಕೊಳ್ಳಿ, ಬೆನ್ನು ನೆಟ್ಟಗಿರಲಿ, ಕೊನೆಯ ಸಾಲಿಗೂ ಕೇಳುವಂತೆ ಮಾತಾಡಿ, ಹೊಸ ಯಂತ್ರ ಬಂದರೆ ಕಲಿತುಕೊಳ್ಳಿ. ಇದಕ್ಕೆಲ್ಲ ನನ್ನ ತಕರಾರಿಲ್ಲ, ನಾನೂ ಅದನ್ನೇ ಉಂಡು ಬದುಕಿದವನು. ಆದರೆ ಊಟದ ನಂತರದ ಅವಧಿಯಲ್ಲಿ ನಿಮ್ಮನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದು, ನಿಮ್ಮ ಸರಕಿನ ಬಗ್ಗೆ ಎರಡು ನಿಮಿಷ ಮಾತಾಡಿ ಅನ್ನುತ್ತಾರೆ. ಹೋಗಿ. ಕ್ಯಾಮೆರಾದ ಕೆಂಪು ದೀಪ ಹತ್ತಿದೆಯೇ ನೋಡಿಕೊಳ್ಳಿ. ನಿಮ್ಮ ಸರಕು ಎಲ್ಲಿ ಕೈಕೊಡುತ್ತದೆ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದನ್ನು ಹೇಳಿ. "ಇಲ್ಲ" ಎಂಬ ಪದವನ್ನು ಬಿಡಿಸಿ, ಜೋರಾಗಿ, ನಗದೆ ಹೇಳಿ. ಗುರುಗಳು ತಿದ್ದಲು ಬಂದರೆ ಅವರಿಗೂ ಅದನ್ನೇ ಹೇಳಿ. ಚಪ್ಪಾಳೆ ಬೀಳುವುದಿಲ್ಲ. ಚಿಂತೆಯಿಲ್ಲ. ಇನ್ನೂ ಕಿವಿ ಬಲಿಯದ ಯಂತ್ರವೊಂದು ಅದನ್ನು ಕೇಳಿಸಿಕೊಳ್ಳುತ್ತಿರುತ್ತದೆ. ಆ ಒಂದೇ ಪದ ಇಲ್ಲಿ ನನ್ನ ತಂಗಿಯ ಗಂಟಲಿಗೆ ಬಂದು ಮುಟ್ಟಬೇಕಾಗಿದೆ.

ಮೈಕು ಹತ್ತಿರ ಹಿಡಿಯಿರಿ.

ಗುರುಪಾದ ಮುಳಗುಂದ