ಚತುರ್ದಶಿಯ ನೀರು

ಕೋಣಂದೂರು
೫-೨-೨೦೨೫, ಬುಧವಾರ

ಪ್ರೀತಿಯ ಮೈದುನ ಶಾಂತಿಪ್ರಸಾದನಿಗೆ ನಿನ್ನ ಅತ್ತಿಗೆಯ ಜೈ ಜಿನೇಂದ್ರ.

ಇವತ್ತು ಅಷ್ಟಮಿ, ನನಗೆ ಉಪವಾಸ. ಹಾಲು ಕರೆದು, ಸಗಣಿ ಬಾಚಿ, ಬಸದಿಗೆ ಹೋಗಿ ಬಂದು, ನಿನ್ನ ಅಣ್ಣನಿಗೆ ಗಂಜಿ ಬಡಿಸಿ ಈಗ ಕೂತಿದ್ದೇನೆ. ಸಾಗರದಲ್ಲಿ ನೀವೆಲ್ಲ ಹೇಗಿದ್ದೀರಿ? ಪದ್ಮಶ್ರೀಯ ಮಂಡಿನೋವು ಕಡಿಮೆಯಾಯಿತೆ? ನಿನ್ನನ್ನು ಕೇಳೋಣವೆಂದರೆ ಫೋನಿನಲ್ಲಿ ‘ಆರಾಮು ಅತ್ತಿಗೆ’ ಎಂದು ಹೆಂಡತಿಯ ಕೈಗೆ ದಾಟಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ಮೊದಲು ಸಂತೋಷದ ಸುದ್ದಿ. ನಿನ್ನೆ ಮಣಿಪಾಲಕ್ಕೆ ಹೋಗಿ ತೋರಿಸಿಕೊಂಡು ಬಂದೆವು. ರಕ್ತದಲ್ಲಿ ಆ ಪಿಎಸ್‌ಎ, ಅಂದರೆ ಕಾಯಿಲೆಯ ಅಳತೆ, ತೀರಾ ಇಳಿದಿದೆಯಂತೆ. ಡಾಕ್ಟರಮ್ಮ ‘ಇನ್ನು ಆರು ತಿಂಗಳು ಈ ಕಡೆ ಬರ್ಬೇಡಿ’ ಎಂದು ನಕ್ಕರು. ನಿನ್ನ ಅಣ್ಣ ಆಗುಂಬೆ ಘಾಟಿ ಹತ್ತುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡವರು, ಪಕ್ಕದ ಸೀಟಿನವರು ನೋಡಿದರೂ ಬಿಡಲಿಲ್ಲ.

ಉಚ್ಚೆಯ ತೊಂದರೆಯನ್ನು ಹೆಂಡತಿಗೆ ಹೇಳಲೂ ನಾಚಿ ವರ್ಷಗಟ್ಟಲೆ ಮುಚ್ಚಿಟ್ಟ ಮನುಷ್ಯ. ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದ ದಿನ ನಾನು ಎಷ್ಟು ಅತ್ತೆನೆಂಬುದು ಹುಂಚದ ಪದ್ಮಾವತಿ ಅಮ್ಮನವರಿಗೇ ಗೊತ್ತು. ಆಮೇಲೆ ಮಣಿಪಾಲದಲ್ಲಿ ರೂಮು ಮಾಡಿ ರೇಡಿಯೇಶನ್ನಿನ ಕರೆಂಟು ಕೊಡಿಸಿದೆವಲ್ಲ, ಆಗ ಹೊಟ್ಟೆ ತುಂಬ ನೀರು ಕುಡಿದೇ ಹೋಗಬೇಕಿತ್ತು. ಮೂತ್ರಕೋಶ ತುಂಬಿದ್ದರೆ ಕರೆಂಟು ಬೇರೆ ಕಡೆ ತಾಗುವುದು ಕಡಿಮೆಯಂತೆ. ದಿನಾ ಬಟ್ಟೆಯಲ್ಲಿ ಸೋಸಿದ ನೀರನ್ನು ನಾನೇ ಒಯ್ಯುತ್ತಿದ್ದೆ. ಚತುರ್ದಶಿ ಬಂತು ನೋಡು, ಇವರು ಯಾರಿಗೂ ಹೇಳದೆ ನಿರ್ಜಲ ಉಪವಾಸ ಹಿಡಿದು ಮಿಷನ್ನಿನ ಕೆಳಗೆ ಮಲಗಿದ್ದಾರೆ! ಅಲ್ಲಿನ ಹುಡುಗಿ ಎಬ್ಬಿಸಿ ಹೊರಗೆ ಕರೆತಂದಳು. ‘ಅಮ್ಮ, ಇವರು ನೀರೇ ಕುಡಿಲಿಲ್ಲ ಮಾರಾಯ್ರೆ. ಹೀಗಾದ್ರೆ ಕೊಡ್ಲಿಕ್ಕೆ ಆಗುದಿಲ್ಲ.’

ನನಗೆ ಸಿಟ್ಟು ಬಂತು. ‘ನಿಮ್ ಉಪವಾಸ ನಾನು ಮಾಡ್ತೀನಿ, ನೀವು ನೀರು ಕುಡೀರಿ’ ಎಂದೆ. ‘ಒಬ್ರ ಉಪವಾಸ ಇನ್ನೊಬ್ರಿಗೆ ಬರಲ್ಲ ಕಣೇ, ಅವರವರ ಕರ್ಮ ಅವರವರೇ ಕಳ್ಕಬೇಕು’ ಎಂದು ಆಸ್ಪತ್ರೆಯಲ್ಲೇ ಶಾಸ್ತ್ರ ಶುರು ಮಾಡಿದರು. ‘ಬರದಿದ್ರೆ ಬ್ಯಾಡ. ಮೊದ್ಲು ಕುಡೀರಿ’ ಎಂದು ಬಾಟ್ಲಿ ಬಾಯಿಗೇ ಹಿಡಿದೆ. ಕುಡಿದರು. ಕಾದು ಕೂತು ಅವತ್ತಿನ ಕರೆಂಟು ಅವತ್ತೇ ಆಯಿತು. ಅಂದಿನಿಂದ ಈ ಮನೆಯ ಅಷ್ಟಮಿ, ಚತುರ್ದಶಿ ಎಲ್ಲ ನನ್ನವೇ.

ಈ ಕಾಯಿಲೆಗೆ ಕೊಡುವ ಇಂಜೆಕ್ಷನ್ನಿನಿಂದ ಇವರಿಗೆ ಇನ್ನೂ ಆಗಾಗ ಮೈ ಬಿಸಿಯೇರಿ ಬೆವರುತ್ತದೆ. ನನಗೂ ಈಗ ಮೈ ಬಿಸಿಯೇರುವ ವಯಸ್ಸು. ಒಂದೇ ಬೀಸಣಿಗೆಗೆ ಇಬ್ಬರೂ ಜಗಳ. ಇಷ್ಟು ಉಳಿಸಿಕೊಟ್ಟ ಭಗವಂತನನ್ನು ಇನ್ನೇನು ಕೇಳಲಿ?

ಸಣ್ಣ ಬಾಟ್ಲಿಯಲ್ಲಿ ಬಸದಿಯ ಅಭಿಷೇಕದ ಗಂಧೋದಕ ಇಟ್ಟಿದ್ದೇನೆ, ಎಲ್ಲರೂ ಹಚ್ಚಿಕೊಳ್ಳಿ. ಮಕ್ಕಳು ಚೆನ್ನಾಗಿರಲಿ.

ನಿನ್ನ ಅತ್ತಿಗೆ,
ವಿಜಯಲಕ್ಷ್ಮೀ

ತಾ.ಕ.: ಮರೆತಿದ್ದಲ್ಲ, ಬರೆಯಲು ಸಂಕೋಚವಾಯಿತು. ಡಾಕ್ಟರಮ್ಮ ‘ಅಣ್ಣತಮ್ಮಂದಿರು ಇದ್ದಾರಾ?’ ಎಂದು ಕೇಳಿದರು. ಇದು ಒಡಹುಟ್ಟಿದವರಿಗೂ ಬರಬಹುದಂತೆ, ನಿನ್ನ ವಯಸ್ಸಿನವರು ರಕ್ತ ಪರೀಕ್ಷೆ ಮಾಡಿಸಲೇಬೇಕಂತೆ. ಹುಂಚಕ್ಕೆ ಹೋದಾಗ ‘ಫೋನ್ ಬಂತು’ ಎಂದು ನೀನು ದಾರಿಯುದ್ದಕ್ಕೂ ಕಾರು ನಿಲ್ಲಿಸಿ ಮರೆಗೆ ಹೋಗುತ್ತಿದ್ದೆ. ನಿನ್ನ ಅಣ್ಣನೂ ಉಚ್ಚೆಗೆ ಹೋಗಲು ಇದೇ ನೆಪ ಹೇಳುತ್ತಿದ್ದರು. ನನ್ನ ಹತ್ತಿರ ನಾಚಬೇಡ. ರಕ್ತ ಕೊಡುವ ದಿನ ಅಷ್ಟಮಿ ಬಿದ್ದರೆ ಆ ಉಪವಾಸವೂ ನನಗಿರಲಿ. ಈ ಕಾಗದ ತಂದ ನನ್ನ ಮಗ ಭಾನುವಾರ ಸಾಗರದಿಂದ ವಾಪಸು ಬರುತ್ತಾನೆ. ರಕ್ತ ಕೊಟ್ಟೆ ಎಂದು ಒಂದು ಸಾಲು ಬರೆದು ಅವನ ಕೈಲಿ ಕಳಿಸು. ಅದನ್ನು ಇಸ್ಕೊಳ್ಳದೆ ಬರಬೇಡ ಎಂದು ಹೇಳಿಯೇ ಕಳಿಸಿದ್ದೇನೆ.